ಮೂರು ಹರವಿ ನೀರು

ದಸರೆ ಮುಗಿದ ಮರುವಾರ, ಬುಧವಾರ ಸಂಜೆ ಮೈಸೂರಿನಲ್ಲಿ ಹುಬ್ಬಳ್ಳಿಯ ರೈಲು ಹತ್ತಿದಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ನಾಲ್ಕು ದಿನದ ಬಟ್ಟೆ, ಅರ್ಧ ಕಿಲೋ ಮೈಸೂರು ಪಾಕು, ಒಂದು ಚಿಪ್ಪು ರಸಬಾಳೆ. ಇನ್ನೊಂದರಲ್ಲಿ ಆರು ಬಾಟಲಿ ಕುಡಿಯುವ ನೀರು. ಆ ಎರಡನೆಯ ಚೀಲ ಎತ್ತುವಾಗ ಭುಜ ಕಿತ್ತು ಬರುವ ಹಾಗಾಗುತ್ತಿತ್ತು. ಆದರೂ ಹೋದ ಮನೆಯಲ್ಲಿ ನೀರು ಕಾಯಿಸಿ ಕೊಡಿ, ಆರಿಸಿ ಕೊಡಿ ಎಂದು ಯಾರಿಗೂ ತೊಂದರೆ ಕೊಡಬಾರದು ಎಂಬುದು ನನ್ನ ನಿಯಮ.

ಇಂಥ ನಿಯಮಗಳು ನನ್ನ ಬಳಿ ಬೇಕಾದಷ್ಟಿವೆ. ಹಾಸಿಗೆ ನಾನೇ ಮಡಚುತ್ತೇನೆ. ನಾಲ್ಕನೆಯ ದಿನ ಹೊರಟೇಬಿಡುತ್ತೇನೆ. ಕಾಫಿ ಬೇಕೇ ಎಂದರೆ ‘ನೀವು ಕುಡಿಯೋದಾದರೆ’ ಎನ್ನುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ಹೋದ ಮನೆಯಲ್ಲಿ ಕೈಕಟ್ಟಿ ಕೂರುವುದಿಲ್ಲ. ‘ಸುಮಾ ಬಂದರೆ ಯಾರೋ ಬಂದಿದ್ದಾರೆ ಅಂತಲೇ ಅನ್ನಿಸೋಲ್ಲ’ ಎಂದು ನೆಂಟರಿಷ್ಟರು ಹೇಳುವುದನ್ನು ಕೇಳಿ ಕೇಳಿ ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು. ಈ ಪ್ರವಾಸ ಅದನ್ನು ಇಳಿಸಿತು. ಹೇಗೆಂದು ಹೇಳುತ್ತೇನೆ.

ಹೊರಟದ್ದು ನವಲಗುಂದ ತಾಲೂಕಿನ ತಿರ್ಲಾಪುರಕ್ಕೆ, ಗೆಳತಿ ಗಿರಿಜೆಯ ಮನೆಗೆ. ಮೂವತ್ತೈದು ವರ್ಷದ ಹಿಂದೆ ಧಾರವಾಡದ ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಆಮೇಲೆ ಮದುವೆ ಮುಂಜಿಗಳಲ್ಲಿ ಸಿಕ್ಕಿದ್ದೇ ಹೊರತು ಅವಳ ಊರು ನಾನು ನೋಡಿರಲಿಲ್ಲ. ಅವಳ ಗಂಡ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಅವಳು, ಅತ್ತೆ ನೀಲವ್ವ, ಮಗ ಮಲ್ಲಿಕಾರ್ಜುನ. ‘ಶನಿವಾರ ಹೆಣ್ಣಿನ ಕಡೆಯವರು ಮನಿ ನೋಡಾಕ ಬರೂರದಾರ, ನೀನೂ ಬಂದ್ರ ನನಗ ಧೈರ್ಯ’ ಎಂದು ಅವಳು ಫೋನಿನಲ್ಲಿ ಹೇಳಿದ್ದಳು.

ಗುರುವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದು, ಒಂದು ತಟ್ಟೆ ಅವಲಕ್ಕಿ ತಿಂದು ನವಲಗುಂದದ ಬಸ್ಸು ಹಿಡಿದೆ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟರು. ಊರು ದಾಟಿದ ಮೇಲೆ ಎರಡೂ ಬದಿಗೆ ಕಪ್ಪು ನೆಲ, ಹತ್ತಿ, ಒಣಮೆಣಸಿನಕಾಯಿಯ ಗಿಡ, ಆಗಷ್ಟೇ ಮೊಳೆತ ಕಡಲೆ. ನೆರಳಿಗೆ ಒಂದು ಮರ ಬೇಕೆಂದರೂ ಮೈಲಿಗಟ್ಟಲೆ ಕಾಯಬೇಕು. ಎರಡು ದಿನದ ಹಿಂದೆ ಜೋರು ಮಳೆಯಾಗಿತ್ತಂತೆ. ನವಲಗುಂದದಲ್ಲಿ ಬಸ್ಸು ಬದಲಿಸಿ ತಿರ್ಲಾಪುರದಲ್ಲಿ ಇಳಿದಾಗ ಹತ್ತು ಹೆಜ್ಜೆಗೇ ಚಪ್ಪಲಿಯ ತಳಕ್ಕೆ ಇನ್ನೊಂದು ಚಪ್ಪಲಿಯಷ್ಟು ಮಣ್ಣು ಅಂಟಿಕೊಂಡಿತು.

ಮಲ್ಲಿಕಾರ್ಜುನ ಬೈಕು ತಂದಿದ್ದ. ಮೂವತ್ತೆರಡರ ಹುಡುಗ, ಬಿ.ಎ. ಓದಿ ಹೊಲ ಮಾಡುತ್ತಾನೆ, ಮಾತು ಕಡಿಮೆ. ‘ಬರ್ರಿ ಮಾವಶಿ’ ಎಂದು ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದವನು ನೀರಿನ ಚೀಲ ಎತ್ತಿ ‘ಇದರಾಗ ಏನೈತ್ರಿ?’ ಎಂದ. ‘ನೀರಪ್ಪ’ ಎಂದೆ. ಅವನು ಚೀಲವನ್ನು ಬೈಕಿನ ಮುಂದೆ ಇಟ್ಟುಕೊಂಡ.

ಮನೆಯ ಹೊಸ್ತಿಲಲ್ಲಿ ಕಾಲಿಗೆ ನೀರು ಕೊಟ್ಟರು. ಒಳಗೆ ಕೂತ ಮೇಲೆ ನೀಲವ್ವ ತಾವೇ ಒಂದು ತಾಟಿನಲ್ಲಿ ಬೆಲ್ಲದ ಚೂರು, ಒಂದು ಹಿತ್ತಾಳೆಯ ಲೋಟದಲ್ಲಿ ನೀರು ತಂದಿಟ್ಟರು. ಎಪ್ಪತ್ತೆಂಟರ ಹೆಂಗಸು, ಹಣೆ ತುಂಬ ವಿಭೂತಿ, ನೆಟ್ಟಗಿನ ಬೆನ್ನು. ನಾನು ಬೆಲ್ಲ ತಿಂದೆ, ಲೋಟವನ್ನು ತುಟಿಗೆ ಮುಟ್ಟಿಸಿ ಕೆಳಗಿಟ್ಟು ನನ್ನ ಬಾಟಲಿ ತೆಗೆದೆ.

‘ಯಾಕ್ರಿ, ನಮ್ಮ ನೀರ ಕುಡಿಯೂದಿಲ್ಲೇನು?’ ಎಂದರು ನೀಲವ್ವ.

‘ನಿಮಗ್ಯಾಕೆ ತೊಂದರೆ ಅಂತ ತಂದಿದ್ದೀನಮ್ಮ’ ಎಂದೆ. ಅವರು ನನ್ನನ್ನೂ ಬಾಟಲಿಯನ್ನೂ ಒಂದು ಸಲ ನೋಡಿ ಲೋಟ ಎತ್ತಿಕೊಂಡು ಒಳಗೆ ಹೋದರು. ಆ ನೀರನ್ನು ಅವರು ಚೆಲ್ಲಲಿಲ್ಲ, ತಾವೇ ಕುಡಿದರು. ನಾನು ಅದನ್ನು ಕಂಡರೂ ಅದರಲ್ಲಿ ಅರ್ಥ ಹುಡುಕಲು ಹೋಗಲಿಲ್ಲ.

ಅಂದು ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಉಂಡು ಕಟ್ಟೆಯ ಮೇಲೆ ಕೂತಾಗ ಗಿರಿಜಾ ವಿಷಯ ಬಿಡಿಸಿ ಹೇಳಿದಳು. ಮಲ್ಲಿಕಾರ್ಜುನನಿಗೆ ಇದು ನಾಲ್ಕನೆಯ ಸಂಬಂಧ. ಒಬ್ಬರು ಒಕ್ಕಲುತನದವನಿಗೆ ಕೊಡುವುದಿಲ್ಲ ಎಂದರು. ಇನ್ನಿಬ್ಬರು ಊರಿಗೆ ಬಂದು, ಉಂಡು, ನೀರಿನ ನೆವ ಹೇಳಿ ಹೋದರು. ‘ನಮ್ಮ ಬೋರಿನ ನೀರ ಅಗದಿ ಸವಳ. ಕುಡ್ಯಾಕ ಊರ ಹೊರಗಿನ ಕೆರಿ ಒಂದ. ಈ ಸಲ ಬರೂರು ಕಲಘಟಗಿ ಕಡಿಯವರು. ಅಲ್ಲಿ ಬತ್ತ, ಕಬ್ಬು, ಸಿಹಿ ನೀರಿನ ಬಾವಿ. ಹುಡುಗಿ ಸವಿತಾ, ಇವಂಗ ಮನಸಿಗೆ ಬಂದಾಳ. ಆಕಿಗೂ ಬಂದಾನ ಅಂತ ಕಾಣತೈತಿ. ಆದ್ರ ಆಕಿ ಸೋದರಮಾವ ಒಪ್ಪಬೇಕು. ಆ ಮನಷ್ಯಾ ಮದಲ ನೋಡೂದ ನೀರು.’ ಇಷ್ಟು ಹೇಳಿ ಅವಳು ನನ್ನ ಕೈ ಹಿಡಿದುಕೊಂಡಳು.

ಇದನ್ನೆಲ್ಲ ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡೂ ಮಾಡಿದೆ ಎಂಬುದೇ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಶುಕ್ರವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಹುಡುಗಿಗೆ ಸೀರೆ, ಬಳೆ ತರಲು ನವಲಗುಂದಕ್ಕೆ ಹೋದರು. ಮಲ್ಲಿಕಾರ್ಜುನ ಹೊಲಕ್ಕೆ ಹೋದ. ‘ನೀ ಆರಾಮ ಮಲ್ಕೋ’ ಎಂದು ಗಿರಿಜಾ ಹೇಳಿದ್ದಳು. ಮಲಗುವ ಜಾತಿಯೇ ನಾನು? ಪಡಸಾಲೆಯ ಪರದೆಗಳು ಮಾಸಿದ್ದವು, ಮಂಚದ ಹಾಸುಗಳಲ್ಲಿ ಹೊಲದ ದೂಳಿತ್ತು, ನೆಲಕ್ಕೆ ಕಪ್ಪು ಮಣ್ಣಿನ ಹೆಜ್ಜೆಗಳು ಅಂಟಿದ್ದವು. ನಾಳೆ ಬರುವವರ ಕಣ್ಣಿಗೆ ಇವೆಲ್ಲ ಬೀಳಬಾರದು. ಸೀರೆ ಎತ್ತಿ ಕಟ್ಟಿದೆ.

ಬಚ್ಚಲ ಪೀಪಾಯಿಯ ನೀರಿನಲ್ಲಿ ಪರದೆ ನೆನೆಸಿ ಸಾಬೂನು ಉಜ್ಜಿದರೆ ನೊರೆಯೇ ಇಲ್ಲ. ಬಿಳಿ ಬಿಳಿ ಗಸಿಯಾಗಿ ಬಟ್ಟೆಗೇ ಅಂಟಿತು. ಅಡುಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಸೊಂಟದೆತ್ತರದ ಮೂರು ಹರವಿಗಳಿದ್ದವು, ಮಣ್ಣಿನ ದೊಡ್ಡ ಗಡಿಗೆಗಳು. ಬಾಯಿಗೆ ಬಿಳಿ ಬಟ್ಟೆ ಬಿಗಿದಿತ್ತು. ಬಿಚ್ಚಿ ನೋಡಿದರೆ ತಳ ಕಾಣುವಷ್ಟು ತಿಳಿಯಾದ ನೀರು. ಒಂದು ಬಕೆಟ್ ತಂದು ಸಾಬೂನು ಹಚ್ಚಿದೆ. ಮೊಣಕೈವರೆಗೆ ನೊರೆ! ಇಷ್ಟು ಒಳ್ಳೆಯ ನೀರು ಒಳಗಿಟ್ಟುಕೊಂಡು ಬಟ್ಟೆಯನ್ನು ಆ ಕೆಟ್ಟ ನೀರಿನಲ್ಲಿ ಒಗೆಯುತ್ತಾರಲ್ಲ, ಪಾಪ, ಎಂದುಕೊಂಡೆ. ನಲ್ಲಿ ತಿರುಗಿಸಿದರೆ ಕಾವೇರಿ ಬರುವ ಊರಿನವಳ ಬುದ್ಧಿ ಅಷ್ಟಕ್ಕೇ ನಿಂತಿತು.

ಮೂರು ಪರದೆ, ನಾಲ್ಕು ಹಾಸು, ಎಂಟು ದಿಂಬಿನ ಚೀಲ. ಆಮೇಲೆ ಪಡಸಾಲೆ, ಕಟ್ಟೆ, ಹೊಸ್ತಿಲು. ಎರಡು ಹರವಿ ಬರಿದಾದವು. ಅವುಗಳ ತಳದಲ್ಲಿ ನಾಲ್ಕು ಬೆರಳಿನಷ್ಟು ಕೆಸರು ಕಂಡಿತು. ಛೇ, ಇದನ್ನು ಎಷ್ಟು ದಿನದಿಂದ ತೊಳೆದಿಲ್ಲವೋ ಎಂದು ಮೂರನೆಯದರಲ್ಲಿ ಉಳಿದದ್ದನ್ನು ಕರಿಬೇವಿನ ಗಿಡಕ್ಕೆ ಹೊಯ್ದು ಮೂರನ್ನೂ ಬೂದಿ ಹಾಕಿ ತಿಕ್ಕಿ, ಅಂಗಳದ ಬಿಸಿಲಿಗೆ ಬೋರಲು ಹಾಕಿದೆ. ಸೊಂಟ ಹಿಡಿದುಕೊಂಡಿತ್ತು. ಮನಸ್ಸು ಮಾತ್ರ ತುಂಬಿ ಬಂದಿತ್ತು.

ಮೂರು ಗಂಟೆಗೆ ಅವರು ಬಂದರು. ಗಿರಿಜಾ ಅಂಗಳದಲ್ಲಿ ಆ ಹರವಿಗಳ ಮುಂದೆ ನಿಂತುಬಿಟ್ಟಳು. ಕೈಯಲ್ಲಿದ್ದ ಬಳೆಯ ಪೊಟ್ಟಣ ಜಾರಿತು. ನೀಲವ್ವ ಒಂದು ಹರವಿಯ ಮೇಲೆ ಅಂಗೈ ಇಟ್ಟು ನೋಡಿದರು, ಪೂರ್ತಿ ಒಣಗಿತ್ತು.

‘ಎಲ್ಲಾ ನಾನೇ ತೊಳೆದೆ’ ಎಂದೆ ನಾನು, ಹೊಗಳಿಕೆಗೆ ಕಾಯುತ್ತ.

ಗಿರಿಜಾ ಅತ್ತೆಯ ಮುಖ ನೋಡಿದಳು. ‘ಭಾಳ ಚಲೋ ಮಾಡೀರಿ’ ಎಂದರು ನೀಲವ್ವ. ‘ದಣದೀರಿ. ಕುಂದರ್ರಿ, ಚಾ ಮಾಡಿಸ್ತೀನಿ.’ ಧ್ವನಿಯಲ್ಲಿ ಏನೂ ಇರಲಿಲ್ಲ. ಐದು ನಿಮಿಷದ ಮೇಲೆ ಮಲ್ಲಿಕಾರ್ಜುನನಿಗೆ ಫೋನು ಹೋಯಿತು. ಅವನು ಹೊಲದಿಂದ ಓಡಿಬಂದು, ಗಾಡಿಗೆ ಪೀಪಾಯಿ ಹೇರಿಕೊಂಡು ಕೆರೆಗೆ ಹೋದ. ತಂದ ನೀರು ಚಹಾದ ಬಣ್ಣಕ್ಕಿತ್ತು. ಮಳೆಯಲ್ಲಿ ಕಪ್ಪು ಮಣ್ಣು ಕೊಚ್ಚಿ ಕೆರೆಗೆ ಬಂದಿತ್ತು. ನೀಲವ್ವ ಹರವಿಯ ಪಕ್ಕ ಕೂತು ಪಟಿಕದ ಹಳಕು ಹಿಡಿದು ನೀರಿನೊಳಗೆ ಮೆಲ್ಲಗೆ ಸುತ್ತು ತಿರುವತೊಡಗಿದರು. ನಾನೂ ಹೋಗಿ ಕೂತೆ. ‘ಎಷ್ಟು ಸುತ್ತು?’ ಎಂದೆ.

‘ಹರವಿಗೆ ಹನ್ನೊಂದು. ಹೆಚ್ಚಾದ್ರ ನೀರ ಒಗರಾಗತೈತಿ. ಕಡಿಮಿ ಆದ್ರ ರಾಡಿ ಕುಂದರೂದಿಲ್ಲ.’

‘ಯಾವಾಗ ತಿಳಿಯಾಗುತ್ತೆ?’

‘ಈ ರಾಡಿಗೆ ಎರಡ ದಿನಾ ಬೇಕ್ರಿ’ ಎಂದರು, ತಲೆ ಎತ್ತದೆ. ಮಲ್ಲಿಕಾರ್ಜುನ ಗಾಡಿಯ ಹಗ್ಗ ಸುತ್ತುತ್ತ ಅಲ್ಲೇ ನಿಂತಿದ್ದ. ಅಷ್ಟಾದರೂ ನನಗೆ ಪೂರ್ತಿ ಹೊಳೆಯಲಿಲ್ಲ. ಇನ್ನೊಂದಿಷ್ಟು ನೀರು ಬೇರೆಡೆ ಇದ್ದೇ ಇರುತ್ತದೆ ಎಂದುಕೊಂಡೆ.

ಹೊಳೆದದ್ದು ಶನಿವಾರ ಬೆಳಿಗ್ಗೆ ಆರಕ್ಕೆ. ಮುಖ ತೊಳೆದು ಅಡುಗೆಮನೆಯ ಬಾಗಿಲಿಗೆ ಬಂದಾಗ ಒಳಗಿನ ಮಾತು ಕಿವಿಗೆ ಬಿತ್ತು.

‘ಬ್ಯಾಳಿ ಬೆಂದಿಲ್ಲತ್ತೀ. ಬೋರಿನ ನೀರಾಗ ಹೆಂಗ ಬೇಯತೈತಿ? ಹೋಳಿಗಿ ಆಗೂದಿಲ್ಲ’ ಎನ್ನುತ್ತಿದ್ದಳು ಗಿರಿಜಾ. ಅಳುತ್ತಿದ್ದಳು. ‘ಮೂರ ದಿನದ್ದು ತಿಳಿಗೊಳಿಸಿ ಇಟ್ಟಿದ್ವಿ. ಇವತ್ತಿನ ಸಲುವಾಗಿನ ಇಟ್ಟಿದ್ವಿ.’

‘ಸುಮ್ಮನಿರು. ಆಕಿ ಕಿವಿಗೆ ಬಿದ್ದೀತು’ ಎಂದರು ನೀಲವ್ವ. ‘ಮನಿಗೆ ಬಂದಾಕಿ. ನಮ್ಮ ಸಲುವಾಗಿ ಮಾಡ್ಯಾಳ. ಆಕಿಗೊಂದ ಮಾತ ತಿಳೀಬಾರದು.’

ಕತ್ತಲೆ ಕೋಣೆಗೆ ಹೋಗಿ ನೋಡಿದೆ. ಹರವಿಗಳಲ್ಲಿ ಮೇಲೆ ಒಂದು ಗೇಣು ಮಾತ್ರ ಮಬ್ಬು ಮಬ್ಬಾಗಿ ತಿಳಿಯಾಗಿತ್ತು, ಕೆಳಗೆಲ್ಲ ಕಂದು. ಅಂಗಳದಲ್ಲಿ ಪರದೆಗಳು ಥಳಥಳ ಎನ್ನುತ್ತಿದ್ದವು. ಅವನ್ನು ಹರಿದು ಹಾಕಬೇಕೆನ್ನಿಸುವಷ್ಟು ನನ್ನ ಮೇಲೆಯೇ ಸಿಟ್ಟು ಬಂತು.

ಒಳಗೆ ಹೋಗಿ ‘ನನಗೆ ಗೊತ್ತಾಯಿತು’ ಎಂದೆ. ಗಿರಿಜಾ ಸೆರಗಿನಿಂದ ಮುಖ ಒರೆಸಿಕೊಂಡು ‘ಏನ ಗೊತ್ತಾಯ್ತು? ಏನಿಲ್ಲ ಬಿಡು’ ಎಂದಳು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಪಕ್ಕದ ಮನೆಗಳಲ್ಲಿ ಕೇಳೋಣ, ನಾನೇ ಕೊಡ ಹಿಡಿದು ಹೋಗುತ್ತೇನೆ ಎಂದೆ. ‘ಬ್ಯಾಡವಾ. ಇವತ್ತ ಅವರು ಬರೂ ದಿನಾ, ನಾವು ಓಣಿಯೊಳಗ ಕೊಡ ಹಿಡಕೊಂಡು ನಿಂತ್ರ ಏನಂದಾರು? ಸಂಬಂಧ ತಂದವರ ಮನಿ ಅಲ್ಲೇ ಮೂಲ್ಯಾಗ ಐತಿ’ ಎಂದಳು ಗಿರಿಜಾ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ತಿಂಗಳಾಗಿತ್ತು. ಮಲ್ಲಿಕಾರ್ಜುನ ಬೈಕಿನ ಕೀಲಿ ತೆಗೆದುಕೊಂಡು ‘ನವಲಗುಂದದಾಗ ಎರಡ ಕ್ಯಾನ್ ತರ್ತೀನಿ’ ಎಂದ.

ನೀಲವ್ವ ಬಾಗಿಲಿಗೆ ಅಡ್ಡ ನಿಂತರು. ‘ಕ್ಯಾನಿನ ನೀರ ಕುಡಿಸಿ ಹೆಣ್ಣ ತರೂದೇನು? ನಾಳಿ ಆಕಿ ಬಂದು ಕುಡಿಯೂದು ಕೆರಿ ನೀರ. ಅದನ್ನ ತೋರಸ್ರಿ. ಒಲ್ಲೆ ಅಂದ್ರ ಅನ್ನಲಿ.’

‘ಆಯಿ, ಇದು ನಾಲ್ಕನೇದ್ದು’ ಎಂದ ಅವನು. ಕೀಲಿಯನ್ನು ಮೊಳೆಗೆ ಸಿಕ್ಕಿಸಿ ಹಿತ್ತಿಲಿಗೆ ಹೋಗಿಬಿಟ್ಟ.

ಬೇಳೆ ಎಮ್ಮೆಯ ಪಾಲಾಯಿತು. ಹೋಳಿಗೆಯ ಬದಲು ಮಾದಲಿ ಮಾಡಿದರು. ಗೋಧಿ ರೊಟ್ಟಿ ಪುಡಿ ಮಾಡಿ ಬೆಲ್ಲ, ಗಸಗಸೆ, ಕೊಬ್ಬರಿ ಬೆರೆಸುವ ಸಿಹಿ ಅದು, ಬೇಳೆ ಬೇಯಿಸುವ ಗೊಡವೆಯಿಲ್ಲ. ನೀಲವ್ವ ಲಿಂಗಪೂಜೆಗೆಂದು ಬೇರೆ ತಂಬಿಗೆಯಲ್ಲಿ ಎತ್ತಿಟ್ಟಿದ್ದ ತಿಳಿನೀರಿನಲ್ಲಿ ನಾಲ್ಕು ಹನಿಯಷ್ಟರಲ್ಲೇ ಪೂಜೆ ಮುಗಿಸಿ, ಉಳಿದದ್ದನ್ನು ಚಹಾಕ್ಕೆಂದು ಸೊಸೆಯ ಕೈಗೆ ಕೊಟ್ಟರು. ನಾನು ಹರವಿಯ ಮೇಲಿನ ನೀರನ್ನು ಕದಡದಂತೆ ಸೌಟಿನಲ್ಲಿ ತೆಗೆದು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿದೆ. ಒಂದು ಕೊಡ ತುಂಬಲು ಒಂದೂವರೆ ಗಂಟೆ ಹಿಡಿಯಿತು. ಚೀಲದಲ್ಲಿ ಇನ್ನೂ ಎರಡು ಬಾಟಲಿ ಇದ್ದವು. ಅವನ್ನು ಹೊರಗೆ ತೆಗೆಯುವ ಮುಖ ನನಗಿರಲಿಲ್ಲ.

ಹನ್ನೊಂದೂವರೆಗೆ ಜೀಪು ಬಂತು. ಸವಿತಾ, ಅವಳ ತಾಯಿ, ಸೋದರಮಾವ. ಐವತ್ತರ ಆಸುಪಾಸಿನ, ದಪ್ಪ ಮೀಸೆಯ ಗಂಭೀರ ಮನುಷ್ಯ. ನೆಲ, ಪರದೆ, ಹಾಸು ಯಾವುದನ್ನೂ ಆತ ಕಣ್ಣೆತ್ತಿ ನೋಡಲಿಲ್ಲ. ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಈ ಸಲ ಗಾಜಿನ ಲೋಟದಲ್ಲಿಟ್ಟಿದ್ದ ನೀರನ್ನು ಕಿಟಕಿಯ ಬೆಳಕಿಗೆ ಹಿಡಿದ. ಮಂಜು ಕವಿದ ಹಾಗೆ ಒಂದು ತೆಳು ಮಬ್ಬು ಅದರಲ್ಲಿತ್ತು.

‘ದಿನಾ ಕುಡಿಯೂದು ಇದ ಏನ್ರಿ?’

‘ಹೌದ್ರಿ, ಕೆರಿದು’ ಎಂದರು ನೀಲವ್ವ. ‘ದಿನಾ ಇದಕ್ಕಿಂತ ತಿಳಿ ಇರತೈತ್ರಿ.’

‘ಹಂಗಾರ ಇವತ್ತ್ಯಾಕ ಹಿಂಗೈತಿ?’

ಗಿರಿಜಾ ಸೆರಗಿನ ಅಂಚು ಹಿಂಡುತ್ತಿದ್ದಳು. ಮಲ್ಲಿಕಾರ್ಜುನ ತನ್ನ ಕಾಲಿನ ಬೆರಳು ನೋಡುತ್ತಿದ್ದ. ಮೂಲೆಯಲ್ಲಿ ಕೂತ ನನ್ನ ಕಡೆ ಒಬ್ಬರೂ ತಿರುಗಲಿಲ್ಲ, ಕಣ್ಣಂಚಿನಿಂದಲೂ. ಆತ ಲೋಟವನ್ನು ತುಟಿಗೆ ಮುಟ್ಟಿಸಿದ, ಕುಡಿಯಲಿಲ್ಲ, ಕೆಳಗಿಟ್ಟ. ನಾನು ಮೊದಲ ದಿನ ಇಟ್ಟ ಹಾಗೆಯೇ. ‘ಕೆಟ್ಟ ಅನಕೋಬ್ಯಾಡ್ರಿ. ಹೆಣ್ಣ ಕೊಡೂವಾಗ ಇದನ್ನೆಲ್ಲಾ ನೋಡಬೇಕಾಗತೈತಿ’ ಎಂದು ಏಳುವವನಂತೆ ಮೊಣಕಾಲಿನ ಮೇಲೆ ಕೈಯಿಟ್ಟ.

ಮನೆಯವರ ಮಾತಿನ ನಡುವೆ ಬಾಯಿ ಹಾಕಬಾರದು ಎಂಬುದೂ ನನ್ನ ನಿಯಮವೇ. ‘ಸ್ವಲ್ಪ ಕೂತ್ಕೊಳ್ಳಿ’ ಎಂದೆ. ‘ನಾನು ಮೈಸೂರಿನವಳು, ಇವರ ಮನೆಗೆ ಬಂದವಳು. ಮೂರು ದಿನ ತಿಳಿಗೊಳಿಸಿ ನಿಮಗಾಗಿ ಇಟ್ಟ ಮೂರು ಹರವಿ ನೀರನ್ನು ನಿನ್ನೆ ನಾನು ಪರದೆ ಒಗೆದು ಖಾಲಿ ಮಾಡಿದೆ. ಈ ನೆಲ ಒರೆಸಿದ್ದೂ ಅದೇ ನೀರಲ್ಲಿ. ಇವರು ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಈಗಲೂ ನನ್ನ ಹೆಸರು ಹೇಳದೆ ಕೂತಿದ್ದಾರೆ.’

ಆತ ನನ್ನನ್ನೇ ನೋಡಿದ. ಆಮೇಲೆ ನೀಲವ್ವನ ಕಡೆ ತಿರುಗಿ ‘ಇವರು ಹೇಳಲಿಲ್ಲಾಂದ್ರ ನೀವು ಹೇಳತಿದ್ದಿಲ್ಲೇನ್ರಿ ಆಯಿ?’ ಎಂದ.

‘ಮನಿಗೆ ಬಂದವರ ಮ್ಯಾಲ ಹಾಕಿ ನಮಗ ಸ್ವಸಿ ಬ್ಯಾಡ್ರಿ’ ಎಂದರು ನೀಲವ್ವ.

ಆತ ಮತ್ತೆ ಕೂತ. ಲೋಟ ಎತ್ತಿ ಅರ್ಧ ಕುಡಿದ. ಸವಿತಾ ಎದ್ದು ‘ಹರವಿ ಎಲ್ಲದಾವ್ರಿ?’ ಎಂದು ಗಿರಿಜೆಯನ್ನು ಕೇಳಿ ಅವಳ ಜೊತೆ ಒಳಗೆ ಹೋದಳು. ಊಟವಾಯಿತು. ಮಾದಲಿಗೆ ಹಾಲು ತುಪ್ಪ ಹಾಕಿಸಿಕೊಂಡು ಎರಡು ಸಲ ಉಂಡರು. ಹೊರಡುವಾಗ ಸೋದರಮಾವ ‘ವಿಚಾರ ಮಾಡಿ ಹೇಳಿ ಕಳಸ್ತೀವ್ರಿ’ ಎಂದ. ಹಿಂದಿನ ಇಬ್ಬರೂ ಇದೇ ಮಾತು ಹೇಳಿದ್ದರೆಂದು ಗಿರಿಜಾ ಆಮೇಲೆ ಹೇಳಿದಳು.

ಜೀಪಿನ ಸದ್ದು ಅಡಗುವ ಮೊದಲೇ ನೀಲವ್ವ ನನ್ನ ಮೇಲೆ ಎರಗಿದರು. ‘ಯಾರ ಕೇಳಿದ್ರು ನಿನ್ನ? ಹಿರ್ಯಾರ ಮಾತಾಡೂವಾಗ ನಡುವ ಎದ್ದ ನಿಂದರತೀಯಲ್ಲ! ಹರವಿ ಬಾಯಿಗೆ ಅರಬಿ ಕಟ್ಟಿದ್ದು ಕಾಣಲಿಲ್ಲೇನಬೇ ನಿನಗ? ಒಂದ ಮಾತ ಕೇಳಾಕ ಏನಾಗಿತ್ತು? ನಮ್ಮ ನೀರ ಬಾಯಿಗೆ ಹಾಕಿದ್ರ ತಿಳೀತಿತ್ತು ಅದರ ರುಚಿ!’ ಮೂರು ದಿನ ‘ನೀವು’ ಎಂದವರು ಒಂದೇ ಉಸಿರಿಗೆ ‘ನೀ’ಗೆ ಇಳಿದಿದ್ದರು. ನನಗೆ ಅಳು ಬಂತು. ಜೊತೆಗೆ, ಹೇಳಲು ನಾಚಿಕೆಯಾಗುತ್ತದೆ, ಬೆಳಗಿನಿಂದ ಮೊದಲ ಬಾರಿ ಎದೆ ಸಡಿಲವಾಯಿತು. ಅಂದು ಸಂಜೆ ನಾನೂ ಮಲ್ಲಿಕಾರ್ಜುನನ ಗಾಡಿಯ ಹಿಂದೆ ಕೆರೆಗೆ ಹೋದೆ. ಒಂದೂವರೆ ಕಿಲೋಮೀಟರು, ಜಾರುವ ಮೆಟ್ಟಿಲು, ತುಂಬಿದ ಕೊಡ. ಮೂರನೆಯ ಕೊಡಕ್ಕೆ ನನ್ನ ಉಸಿರು ಕಟ್ಟಿತು. ದಾರಿಯುದ್ದಕ್ಕೂ ಅವನು ಫೋನು ತೆಗೆದು ನೋಡುವುದು, ಜೇಬಿಗಿಡುವುದು, ಇದನ್ನೇ ಮಾಡುತ್ತಿದ್ದ.

ಭಾನುವಾರ ಬೆಳಿಗ್ಗೆ ಹೊರಟೆ. ಕಲಘಟಗಿಯಿಂದ ಸುದ್ದಿ ಬಂದಿರಲಿಲ್ಲ. ಗಿರಿಜಾ ಬಸ್‌ಸ್ಟಾಪಿನವರೆಗೆ ಬಂದು, ‘ಮತ್ತ ಬಾ’ ಎಂದು ಮುಖ ತಿರುಗಿಸಿಕೊಂಡಳು. ನೀಲವ್ವ ನನ್ನ ಖಾಲಿ ಬಾಟಲಿಗಳಲ್ಲಿ ಒಂದನ್ನು ತುಂಬಿಸಿ ಕೊಟ್ಟಿದ್ದರು. ನೀರು ಪೂರ್ತಿ ತಿಳಿಯಾಗಿತ್ತು. ಬಸ್ಸು ಊರು ದಾಟುವಾಗ ಎಡಕ್ಕೆ ಕೆರೆಯ ಏರಿ ಕಂಡಿತು, ಅದರ ಮೇಲೆ ಕೊಡ ಹೊತ್ತ ಮೂವರು ಹೆಂಗಸರು.

ಹುಬ್ಬಳ್ಳಿಯ ನಿಲ್ದಾಣದ ಬೆಂಚಿನ ಮೇಲೆ ಕೂತು ಮುಚ್ಚಳ ತೆಗೆದೆ. ಒಂದು ಗುಟುಕು ಕುಡಿದೆ. ಮೆತ್ತಗೆ, ಸಿಹಿ. ಈ ರುಚಿಯಲ್ಲಿ ನಾನು ಪರದೆ ಒಗೆದಿದ್ದೆ. ಅಷ್ಟರಲ್ಲಿ ಫೋನು ಬಂತು. ಮಲ್ಲಿಕಾರ್ಜುನ.

‘ಮಾವಶಿ, ಒಂದ ಮಾತ ಕೇಳ್ತೀನ್ರಿ. ಅವ್ವಗ ಹೇಳಬ್ಯಾಡ್ರಿ, ಆಯಿಗೂ ಬ್ಯಾಡ. ಅವರನ್ನ ಕೇಳಿದ್ರ ಯಾಕ ಅಂತಾರ, ಈಗ ಊರಾಗೆಲ್ಲಾ ಸುದ್ದಿ ಆಗೂದು ಬ್ಯಾಡ.’ ತಡವರಿಸಿದ. ‘ಪಟಿಕ ಹರವಿಗೆ ಎಷ್ಟ ಸುತ್ತ ತಿರುವಬೇಕ್ರಿ? ಆಯಿ ನಿಮಗ ಹೇಳಿದ್ರಲ್ಲ, ನನಗ ನೆನಪಿಲ್ಲ.’

‘ಯಾಕಪ್ಪ?’

‘ಸವಿತಾ ಫೋನ್ ಹಚ್ಚ್ಯಾಳ್ರಿ. ಆಕಿ ಕೇಳಾಕತ್ತಾಳ.’

ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ‘ಹನ್ನೊಂದು’ ಎಂದೆ. ‘ಹೆಚ್ಚಾದರೆ ಒಗರಾಗುತ್ತೆ ಅಂತಲೂ ಹೇಳು.’